ಫೋಟೊ ಏರಿದರಷ್ಟೇ ಕೂಲಿ

2025ರ ಏಪ್ರಿಲಿನಲ್ಲಿ ನಮ್ಮ ಯಾದಗಿರಿ ತಾಲ್ಲೂಕಿನ ಮಲ್ಹಾರ ಗ್ರಾಮ ದೇಶದ ತುಂಬ ಸುದ್ದಿಯಾಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಂಗಸರು ಬಂದಿದ್ದಾರೆಂದು ತೋರಿಸಲು ಗಂಡಸರೇ ಸೀರೆ ಉಟ್ಟು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ಫೋಟೊ ಸರ್ಕಾರದ ಹಾಜರಿ ಆ್ಯಪ್‌ಗೆ ಏರಿತು. ಆ್ಯಪ್ ತಕರಾರಿಲ್ಲದೆ ನುಂಗಿಕೊಂಡಿತು. ಸುಮಾರು ಮೂರು ಲಕ್ಷ ರೂಪಾಯಿಯ ಗೋಲ್‌ಮಾಲ್ ಎಂದು ಪತ್ರಿಕೆಗಳು ಬರೆದವು. ಟಿ.ವಿ.ಯವರು ನಕ್ಕರು. ಮೊಬೈಲಿನಲ್ಲಿ ನೋಡಿದ ಬೆಂಗಳೂರೂ ನಕ್ಕಿತು, ಯಾದಗಿರಿಯವರು ಹೀಗೇ ಎಂದಿತು.

ನಗುವಂಥದ್ದೇನೂ ಅದರಲ್ಲಿರಲಿಲ್ಲ. ಆ ಕೆಲಸ ಸಿಗಬೇಕಾಗಿದ್ದ ಹೆಂಗಸರು ಅವತ್ತು ಎಲ್ಲಿದ್ದರು ಎಂದು ಒಬ್ಬ ನಿರೂಪಕನಾದರೂ ಕೇಳಿದನೇ? ಅವರು ಯಾರದೋ ಹೊಲದಲ್ಲಿ ಕಡಿಮೆ ಕೂಲಿಗೆ ಹತ್ತಿ ಬಿಡಿಸುತ್ತಿರಬಹುದು, ಇಲ್ಲವೇ ಗುಳೆ ಹೋಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಇಟ್ಟಿಗೆ ಹೊರುತ್ತಿರಬಹುದು. ಕಳ್ಳತನ ತಡೆಯಲೆಂದೇ ತಂದ ಯಂತ್ರ ಅದು. ಕಳ್ಳನಿಗೆ ಒಂದು ಸೀರೆ ಸಾಕಾಯಿತು. ನಿಯತ್ತಿನಿಂದ ದುಡಿಯುವವಳಿಗೆ ಮಾತ್ರ ಆ ಯಂತ್ರ ಪ್ರತಿದಿನ ಎರಡು ಸಲ ಸಾಕ್ಷಿ ಕೇಳುತ್ತದೆ.

ಅದರ ಹೆಸರು ಎನ್‌ಎಂಎಂಎಸ್. 2021ರ ಮೇ ತಿಂಗಳಲ್ಲಿ ಪ್ರಯೋಗವೆಂದು ಬಂತು. 2022ರ ಮೇ ತಿಂಗಳಿಂದ 20 ಮತ್ತು ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕೆಲಸಗಳಿಗೆ ಕಡ್ಡಾಯವಾಯಿತು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು, ಎಲ್ಲ ಕೆಲಸಕ್ಕೂ ಅದೇ ಹಾಜರಿ. ಮೊದಲು ಬಂದಾಗ ಬರೀ ಇಂಗ್ಲಿಷು. ಬೆಳಿಗ್ಗೆ ಒಂದು ಫೋಟೊ, ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು, ಎರಡರಲ್ಲೂ ಜಾಗದ ಗುರುತು ಇರಬೇಕು. ಫೋನು ಹಾಜರಿ ಹಾಕುವ ಕಾಯಕ ಬಂಧುವಿನದು, ಡೇಟಾ ಕಾಯಕ ಬಂಧುವಿನದು, ಬೈಗುಳವೂ ಅವರ ಪಾಲಿನದೇ. ಬಹಳ ಕಡೆ ಈ ಕಾಯಕ ಬಂಧು ಎಂದರೆ ಹತ್ತನೇ ತರಗತಿ ಓದಿದ ಊರಿನ ಸೊಸೆ. ಟವರ್ ಹುಡುಕುತ್ತ ಆಕೆ ಬದುವಿನಿಂದ ಬದುವಿಗೆ ಓಡಾಡುತ್ತಾಳೆ, ಕೆಲಸ ಮುಗಿಸಿದ ಮೂವತ್ತು ಮಂದಿ ಜಾಲಿ ಗಿಡದ ಕೆಳಗೆ ಕಾಯುತ್ತಾರೆ. "ಯಕ್ಕಾ, ಫೋಟೊ ಇನ್ನಾ ಏರವಲ್ದು, ಕುಂದ್ರಿ."

ಕುಂದ್ರಿ ಎನ್ನುವುದು ಸುಲಭ. ನಮ್ಮ ಕಡೆಯ ರಾಮಸಮುದ್ರದ ಸುತ್ತಿನ ಊರುಗಳಲ್ಲಿ ಏಪ್ರಿಲ್, ಮೇ ಬಿಸಿಲು ಹೇಗಿರುತ್ತದೆಂದು ಗೊತ್ತಿರುವವರಿಗೆ ಹೇಳಬೇಕಿಲ್ಲ. ಆ ಬಿಸಿಲು ಸರ್ಕಾರಕ್ಕೂ ಗೊತ್ತು. ಅದಕ್ಕೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತವರು ಬಿಸಿಲಿಗೆ ಹೆದರಿ ಮನೆಗೆ ಹೋಗಬಹುದು, ಅದಕ್ಕೆ ಆದೇಶವೇ ಇದೆ. ಅವರು ಮನೆ ಸೇರಬೇಕು ಎಂಬ ಆಸೆ ನನಗೂ ಇದೆ, ಅವರೂ ಮನುಷ್ಯರೇ. ಆದರೆ ಆರೂವರೆಗೇ ಬುಟ್ಟಿ ಸಲಿಕೆ ಹಿಡಿದು ಬಂದು, ಹೊತ್ತು ಏರುವ ಮುಂಚೆ ಮಣ್ಣು ಅಗೆದು ಮುಗಿಸಿದವಳು ಎರಡನೇ ಫೋಟೊಗಾಗಿ ನೆತ್ತಿ ಸುಡುವವರೆಗೂ ಕಾಯಬೇಕೆಂದು ಹೇಳುವ ಆ್ಯಪ್ ಯಾರ ತಲೆಯಿಂದ ಬಂತು? ಆ ತಲೆ ಒಂದು ದಿನವಾದರೂ ಬುಟ್ಟಿ ಹೊತ್ತಿದೆಯೇ?

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು, ಪಟ್ಟಣದ ಓದುಗರಿಗೆ ಇದು ಅಷ್ಟಾಗಿ ತಿಳಿದಿರುವುದಿಲ್ಲ. ಖಾತ್ರಿ ಕೂಲಿ ಸುಮ್ಮನೆ ದಿನಗೂಲಿಯಲ್ಲ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಎಂದು ಅಳತೆ ಹಿಡಿಯುತ್ತಾರೆ. ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಕೂಲಿ ಲೆಕ್ಕ. ಅಗೆದ ಗುಂಡಿಯೇ ಸಾಕ್ಷಿ, ಅದು ಸೀರೆ ಉಟ್ಟು ಮೋಸ ಮಾಡಲಾರದು. ಅಳತೆ ಸರಿಯಾಗಿ ಹಿಡಿದರೆ ಫೋಟೊ ಬೇಕಿಲ್ಲ. ಅಳತೆಯಲ್ಲೇ ಕಳ್ಳತನ ನಡೆದರೆ ಫೋಟೊ ಏನೂ ತಡೆಯದು. ಅಳೆಯುವವನ ಮೇಲೆ, ಬಿಲ್ ಬರೆಯುವವನ ಮೇಲೆ ಕಣ್ಣಿಡಬೇಕಾದ ಕಡೆ ಅಗೆಯುವವಳ ಮೇಲೆ ಕ್ಯಾಮೆರಾ ತಿರುಗಿಸಿದರು. ಈ ದೇಶದಲ್ಲಿ ಕಳ್ಳತನದ ಅನುಮಾನ ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆ.

ಕ್ಯಾಮೆರಾ ಸೋತದ್ದನ್ನು ನಾನು ಹೇಳುತ್ತಿಲ್ಲ, ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿದೆ. ಸಂಬಂಧವಿಲ್ಲದ ಫೋಟೊ ಹಾಕುತ್ತಾರೆ, ಫೋಟೊದ ಫೋಟೊ ತೆಗೆದು ಹಾಕುತ್ತಾರೆ, ಚಿತ್ರದಲ್ಲಿರುವವರ ಸಂಖ್ಯೆಗೂ ಹಾಜರಿಗೂ ತಾಳೆಯಿಲ್ಲ, ಒಬ್ಬನೇ ಹಲವು ಎನ್‌ಎಂಆರ್‌ಗಳಲ್ಲಿ, ಅಂದರೆ ಹಾಜರಿ ಪಟ್ಟಿಗಳಲ್ಲಿ, ಕಾಣುತ್ತಾನೆ ಎಂದು ಪಟ್ಟಿ ಕೊಟ್ಟಿತು. ಪರಿಹಾರವೇನೆಂದರೆ ಗ್ರಾಮ ಪಂಚಾಯಿತಿಯಲ್ಲಿ ಪ್ರತಿಯೊಂದು ಫೋಟೊವನ್ನೂ ಮನುಷ್ಯರೇ ಕೂತು ನೋಡಬೇಕು! ಮನುಷ್ಯರನ್ನು ನಂಬಲಾಗದೆಂದು ಯಂತ್ರ ತಂದರು, ಯಂತ್ರವನ್ನು ನಂಬಲಾಗದೆಂದು ಮತ್ತೆ ಮನುಷ್ಯರನ್ನು ಕೂರಿಸಿದರು. ಬಿಸಿಲಲ್ಲಿ ಕಾಯುವ ಶಿಕ್ಷೆ ಮಾತ್ರ ತಪ್ಪಲಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. 2025–26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಫೋಟೊ ಏರಲಿಲ್ಲ ಎಂದರೆ ಹಾಜರಿ ಇಲ್ಲ, ಹಾಜರಿ ಇಲ್ಲವೆಂದರೆ ಅವತ್ತಿನ 370 ರೂಪಾಯಿ ಮಣ್ಣುಪಾಲು. ತಡ ಸರ್ಕಾರದ್ದಾದರೆ? ಎನ್‌ಎಂಆರ್ ಮುಗಿದ ಹದಿನೈದು ದಿನದೊಳಗೆ ಕೂಲಿ ಹಾಕಬೇಕೆಂದು 2005ರ ಕಾಯ್ದೆ ಹೇಳಿತು. ತಪ್ಪಿದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ ಎಂದೂ ಹೇಳಿತು. ಆರು ದಿನದ ಕೂಲಿ 2,220 ರೂಪಾಯಿ ಬಾಕಿ ಇದ್ದರೆ ಒಂದು ದಿನದ ತಡಕ್ಕೆ ಸಿಗುವ ಪರಿಹಾರ 1 ರೂಪಾಯಿ 11 ಪೈಸೆ. ಕೂಲಿಯವಳ ತಪ್ಪಿನ ಬೆಲೆ ದಿನಕ್ಕೆ 370, ಸರ್ಕಾರದ ತಪ್ಪಿನ ಬೆಲೆ ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ. ಆ ಪೈಸೆಯನ್ನೂ ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ನಮ್ಮ ಊರುಗಳಲ್ಲಿ ಕೇಳಿ ನೋಡಿ. ಕೂಲಿ ಯಾವಾಗ ಬೀಳುತ್ತದೆಂದು ದಿನಕ್ಕೆ ಎರಡು ಸಲ ಫೋಟೊ ಹಾಕುವ ಆ್ಯಪ್ ಮಾತ್ರ ಯಾರೂ ಮಾಡಿಲ್ಲ.

"ರೊಕ್ಕ ಯಾವಾಗ ಬೀಳ್ತದ್ರಿ?" ಎಂದು ಕೇಳಲು ಹೋದರೆ ಉತ್ತರ ಸಿದ್ಧವಿದೆ: ಸರ್ವರ್ ಡೌನ್. ಮುಂಚೆ ಇದೇ ಪ್ರಶ್ನೆಗೆ ಸಾಹೇಬರು ಊರಲ್ಲಿಲ್ಲ ಎನ್ನುತ್ತಿದ್ದರು. ಸಾಹೇಬರಾದರೆ ಸಂಜೆಗೋ ನಾಳೆಗೋ ಸಿಗುತ್ತಿದ್ದರು, ಬಾಗಿಲಲ್ಲಿ ನಿಂತು ಕೂಗಾಡಬಹುದಿತ್ತು. ಸರ್ವರ್ ಮುಂದೆ ಧರಣಿ ಕೂರುವುದು ಎಲ್ಲಿ? 2024ರ ಜನವರಿ 1ರಿಂದ ಆಧಾರ್ ಮೂಲಕವೇ ಕೂಲಿ ಪಾವತಿ ಕಡ್ಡಾಯವಾಯಿತು. ಜಾಬ್ ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆಯಾದರೆ ಅಲೆದಾಟ ಶುರು. ಹೆಬ್ಬೆಟ್ಟು ಯಂತ್ರದ ಮುಂದೆ ಒಬ್ಬ ಮುದುಕಿ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ತಮ್ಮಾ, ಹೆಂಟಿ ಒಡದ ಕೈ ಇದು, ಇದ್ರಾಗ ಗೆರಿ ಎಲ್ಲಿ ಹುಡುಕ್ತಿ?" ದುಡಿದು ಸವೆದ ಕೈಯನ್ನು ಗುರುತು ಸಿಗುವುದಿಲ್ಲವೆಂದು ತಿರಸ್ಕರಿಸುವ ಯಂತ್ರಕ್ಕೆ ಪ್ರಗತಿ ಎನ್ನಬೇಕಂತೆ.

ಇದು ಕೂಲಿಕಾರರ ಗೋಳಷ್ಟೇ ಅಲ್ಲ. ಪಂಚಾಯಿತಿ ಮಟ್ಟದಲ್ಲಿ ದುಡಿಯುವ ಯಾರ ಫೋನನ್ನಾದರೂ ಇಸಿದುಕೊಂಡು ನೋಡಿ, ವಾಟ್ಸ್ಆ್ಯಪ್ ಗುಂಪುಗಳು ತುಂಬಿ ತುಳುಕುತ್ತಿರುತ್ತವೆ. ರಾತ್ರಿ ಹತ್ತಕ್ಕೆ ಸಂದೇಶ ಬೀಳುತ್ತದೆ: ನಾಳೆ 11ರೊಳಗೆ ವರದಿ, ಫೋಟೊ ಸಮೇತ, ತಪ್ಪಿದಲ್ಲಿ ನೋಟಿಸ್. ಕೆಳಗೆ ಸಾಲಾಗಿ "ಓಕೆ ಸರ್", "ಓಕೆ ಸರ್", ಕೈಮುಗಿದ ಚಿತ್ರ. ಆದೇಶಕ್ಕೆ ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಸಹಿ ಇಲ್ಲ. ನಾಳೆ ಎಡವಟ್ಟಾದರೆ ಮೇಲಿನವರು ಆ ಸಂದೇಶವನ್ನು ಅಳಿಸಿಬಿಡಬಹುದು, ಕೆಳಗಿನವಳಿಗೆ ಮಾತ್ರ ಲಿಖಿತ ನೋಟಿಸ್ ಬರುತ್ತದೆ. ಹಳೆಯ ಕಾಗದದ ಆಡಳಿತವನ್ನು ನಾನೇನೂ ಹೊಗಳುವವನಲ್ಲ, ಅದು ನಮ್ಮನ್ನು ತಲೆಮಾರುಗಟ್ಟಲೆ ಅಲೆಸಿದೆ. ಆದರೂ ಕಾಗದ ಕೊಟ್ಟವನ ರುಜು ಅದರ ಮೇಲೆ ಇರುತ್ತಿತ್ತು, ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದಿತ್ತು. ಇನ್ನೊಂದು ಮಾತು: ಇನ್ನು ಕೆಲವು ಗುಂಪುಗಳಲ್ಲಂತೂ ಅಡ್ಮಿನ್ ಬಿಟ್ಟು ಯಾರೂ ಬರೆಯುವಂತಿಲ್ಲ. ಇದಕ್ಕೆ ಸಂವಹನ ಎಂದು ಹೆಸರಿಟ್ಟವರಿಗೆ ನಾಚಿಕೆಯಾಗಬೇಕು. ಡಂಗೂರದವನನ್ನಾದರೂ ಊರಿನವರು ನಿಲ್ಲಿಸಿ, ಏನಪ್ಪಾ ಅದು, ಇನ್ನೊಮ್ಮೆ ಹೇಳು ಎಂದು ಕೇಳುತ್ತಿದ್ದರು.

ಆಶಾ ಕಾರ್ಯಕರ್ತೆಯರು 2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ನಾಲ್ಕು ದಿನ ಹೋರಾಡಿದ್ದು ಮರೆಯಿತೇ? ಹೆರಿಗೆ ಮಾಡಿಸಲು ನಡುರಾತ್ರಿ ಓಡುವವರು ಅವರು. ಅವರ ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲಿಗೆ ಗಂಟು ಹಾಕಿದರು. ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಮಾಡಿದ ಕೆಲಸಕ್ಕೆ ಕಾಸಿಲ್ಲ. ಆ ಗಂಟು ಬಿಚ್ಚಿ ಎಂಬುದೂ ಅವರ ಬೇಡಿಕೆಯಾಗಿತ್ತು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದು ಎದ್ದರು, ಅದರ ಜಾರಿಗಾಗಿ ಮತ್ತೆ ಬೀದಿಗಿಳಿಯಬೇಕಾಯಿತು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ಇನ್ನೊಮ್ಮೆ ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳ ಕೆಲಸ ತಲೆಗೆ ಕಟ್ಟಿ, ಕೂರಲು ಕಚೇರಿ, ಕೆಲಸಕ್ಕೆ ಲ್ಯಾಪ್‌ಟಾಪ್ ಕೂಡ ಕೊಟ್ಟಿಲ್ಲ ಎಂಬುದೇ ಅವರ ಸಿಟ್ಟು. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು. 60 ಪ್ರಶ್ನೆಗಳ ಆ್ಯಪ್ ಹಿಡಿದ ಶಿಕ್ಷಕರು ಒಟಿಪಿಗಾಗಿ, ನೆಟ್‌ವರ್ಕ್‌ಗಾಗಿ ಮನೆಗಳ ಮುಂದೆ ನಿಂತೇ ಇದ್ದರು. ಹೆಸರು ಬೇರೆ, ಇಲಾಖೆ ಬೇರೆ, ಗೋಳು ಒಂದೇ.

ಯಾದಗಿರಿಗೆ ಈ ಹಿಡಿತ ಇನ್ನೂ ಒಂದು ಸುತ್ತು ಬಿಗಿ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗೆ ಮಹತ್ವಾಕಾಂಕ್ಷಿ ಜಿಲ್ಲೆ ಎಂದು ಹೊಸ ಅಂಗಿ ತೊಡಿಸಿದಾಗ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿಯನ್ನು ಆರಿಸಿತು. 49 ಸೂಚಕಗಳು, ತಿಂಗಳ ತಿಂಗಳ ರ‍್ಯಾಂಕು, ದಿಲ್ಲಿಯಲ್ಲಿ ಕಾಣುವ ಡ್ಯಾಶ್‌ಬೋರ್ಡು. ಅಂಕ ಏರಿಸಲು ಜಿಲ್ಲೆ ತಾಲ್ಲೂಕನ್ನು ಒತ್ತುತ್ತದೆ, ತಾಲ್ಲೂಕು ಪಂಚಾಯಿತಿಯನ್ನು ಒತ್ತುತ್ತದೆ, ಪಂಚಾಯಿತಿ ಅಂಗನವಾಡಿ ಅಮ್ಮನ ಫೋನನ್ನು ಒತ್ತುತ್ತದೆ. ಆಕೆ ಮಗುವಿಗೆ ಉಣಿಸುವ ಹೊತ್ತಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ಉಣಿಸುತ್ತಾಳೆ. 2025ರ ಜುಲೈನಿಂದ ಮನೆಗೊಯ್ಯುವ ಪಡಿತರಕ್ಕೂ ತಾಯಂದಿರ ಮುಖ ಆ್ಯಪ್‌ಗೆ ಹೊಂದಬೇಕು. ಬಸುರಿಯ ಬಾಡಿದ ಮುಖ ಆಧಾರಿನ ಹಳೆಯ ಮುಖಕ್ಕೆ ಹೊಂದದಿದ್ದರೆ ಆ ತಿಂಗಳ ಬೇಳೆಗೆ ಯಾರು ಜವಾಬು?

ಬೆಂಗಳೂರಿನ ಕಂಪನಿಗಳಲ್ಲಿರುವ ನಮ್ಮ ಹುಡುಗರೂ ರಾತ್ರಿ ಬರುವ ಸಂದೇಶಗಳಿಗೆ ಬೆಂದಿದ್ದಾರೆ, ಗೊತ್ತಿದೆ. ಅವರಿಗಾಗಿ ಜಗತ್ತಿನಲ್ಲಿ ಕಾನೂನುಗಳಾದರೂ ಹುಟ್ಟುತ್ತಿವೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನಿಗೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಬಂತು. ನಮ್ಮ ಸಂಸತ್ತಿನಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡನೆಯಾಗಿ ಕೂತಿದೆ. ಅದೇ ಸಂಸತ್ತು 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತ್ರಿ ಕಾಯ್ದೆಯನ್ನೇ ತೆಗೆದು ಹೊಸ ಕಾಯ್ದೆಯನ್ನು ಮಾತ್ರ ಗಡಿಬಿಡಿಯಲ್ಲಿ ಪಾಸು ಮಾಡಿತು. ನೂರು ದಿನದ ಬದಲು 125 ದಿನ ಎಂಬ ಬೆಲ್ಲದ ಜೊತೆ ಬಯೋಮೆಟ್ರಿಕ್ಕು, ಕೃತಕ ಬುದ್ಧಿಮತ್ತೆ ಎಂಬ ಇನ್ನಷ್ಟು ಕಣ್ಣುಗಳು. 2006ರ ಫೆಬ್ರುವರಿಯಲ್ಲಿ ಖಾತ್ರಿ ಯೋಜನೆ ಮೊದಲು ಬಂದ 200 ಜಿಲ್ಲೆಗಳಲ್ಲಿ ಯಾದಗಿರಿಯನ್ನು ಒಡಲಲ್ಲಿಟ್ಟುಕೊಂಡಿದ್ದ ಗುಲ್ಬರ್ಗವೂ ಇತ್ತು. ಬಡವರು ಕೆಲಸ ಕೇಳಬಹುದು, ಕೊಡದಿದ್ದರೆ ಭತ್ಯೆ ಕೇಳಬಹುದು ಎಂದಿತ್ತು ಕಾನೂನು. ಕೇಳುವವರನ್ನು ಇಪ್ಪತ್ತು ವರ್ಷದಲ್ಲಿ ಕ್ಯಾಮೆರಾದ ಮುಂದೆ ನಿಲ್ಲುವವರನ್ನಾಗಿ ಮಾಡಿದರು.

ಫೋನು ಬೇಡವೆಂದು ನಾನು ಹೇಳುವುದಿಲ್ಲ. ಗುಳೆ ಹೋದ ಮಗನ ಮುಖ ನೋಡಲು ಅದೇ ಫೋನು ಬೇಕು. ಹಾಜರಿ ಬೇಕಾದರೆ ಎನ್‌ಎಂಆರ್ ಪುಸ್ತಕ ಕೆಲಸದ ಜಾಗದಲ್ಲೇ ಇರಲಿ, ಅದಕ್ಕೆ ಕೂಲಿಕಾರರೇ ಸಹಿ ಹಾಕಲಿ. ಫೋಟೊ ಏರಲಿಲ್ಲವೆಂದು ಒಂದು ದಿನದ ಕೂಲಿಯನ್ನೂ ಮುರಿಯಕೂಡದು. ಆದೇಶ ಕೊಡುವವರು ಕಾಗದದ ಮೇಲೆ ರುಜು ಹಾಕಿ ಕೊಡಲಿ. ಆ್ಯಪ್ ಓಡಿಸಲು ಹೇಳುವವರೇ ಫೋನು, ಡೇಟಾ ಕೊಡಲಿ. ಕೂಲಿ ಎಷ್ಟು ದಿನ ಬಾಕಿ, ಯಾರ ಮೇಜಿನಲ್ಲಿ ಬಾಕಿ ಎಂದು ಅಧಿಕಾರಿಯ ಹುದ್ದೆಯ ಸಮೇತ ಪಂಚಾಯಿತಿ ಗೋಡೆಯ ಮೇಲೆ ವಾರ ವಾರ ಬರೆಯಲಿ.

ರಾಮಸಮುದ್ರದ ಅಕ್ಕಂದಿರೇ, ಶಹಾಪುರ, ಸುರಪುರದ ಅಣ್ಣಂದಿರೇ, ಮುಂದಿನ ಗ್ರಾಮಸಭೆ ತಪ್ಪಿಸಬೇಡಿ. ಸಾಮಾಜಿಕ ಪರಿಶೋಧನೆಗೆ ಬಂದವರು ಕಡತ ಮುಚ್ಚುವ ಮುಂಚೆ ಈ ಬೇಡಿಕೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಎಲ್ಲರ ಮುಂದೆ ಓದಿಸಿ, ಪ್ರತಿ ಇಸಿದುಕೊಂಡೇ ಎದ್ದು ಬನ್ನಿ.