ಬಾತುಕೋಳಿ ಪಾಟಿ ಸಜ್ಜ ಏರಿದ್ದಕ್ಕೆ

ನನ್ನ ಮಗಳು ಎರಡೂಕಾಲು ವರ್ಷದ ಮೊಮ್ಮಗಳ ಪಾಟಿ ಟ್ರೇನಿಂಗನ್ನು ಅರ್ಧಕ್ಕೆ ನಿಲ್ಲಿಸಿದಳು. ನಿಲ್ಲಿಸು ಎಂದವಳು ನಾನೇ. ಅದು ಹೇಗೋ ನೆಂಟರಿಗೆಲ್ಲ ಗೊತ್ತಾಗಿ, ಎರಡು ತಿಂಗಳಿಂದ ಮದುವೆಮನೆ, ಗೃಹಪ್ರವೇಶ, ಫೋನು, ಎಲ್ಲಿ ಸಿಕ್ಕರೂ ಅದೇ ಮಾತು. ನಮ್ಮ ಪುಟ್ಟಿ ಎರಡಕ್ಕೆ ಹೋಗುವುದರಲ್ಲಿ ಊರಿಗೆಲ್ಲ ಇಷ್ಟು ಆಸ್ಥೆ ಇದೆಯೆಂದು ಗೊತ್ತಿರಲಿಲ್ಲ. ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಯಿತು. ಎಲ್ಲರಿಗೂ ಸೇರಿಸಿ ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ನನ್ನ ಓರಗಿತ್ತಿಯ ಮಾತು. "ನಮ್ಮ ಮಕ್ಕಳು ವರ್ಷ ತುಂಬೋ ಹೊತ್ತಿಗೆ ಹೇಳಿ ಮಾಡ್ತಿರಲಿಲ್ವಾ?"

ಇಲ್ಲ ಅಕ್ಕ, ಅವರು ಹೇಳುತ್ತಿರಲಿಲ್ಲ, ನಾವು ಕಂಡುಹಿಡಿಯುತ್ತಿದ್ದೆವು. ಶಿವಮೊಗ್ಗದ ಮನೆಯ ಹಿತ್ತಿಲಲ್ಲಿ ಕೂತು, ಎರಡೂ ಪಾದ ಜೋಡಿಸಿ, ಅದರ ಮೇಲೆ ಮಗುವನ್ನು ಕೂರಿಸಿಕೊಂಡು "ಸ್ಸ್ಸ್" ಎನ್ನುತ್ತಿದ್ದದ್ದು ನೆನಪಿದೆಯಲ್ಲ? ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದು ಹತ್ತು ನಿಮಿಷಕ್ಕೆ ಇನ್ನೊಮ್ಮೆ. ಮಗು ಮುಖ ಕಿವುಚಿದರೆ ಸಾಕು, ಅತ್ತೆ ಅಡುಗೆಮನೆಯಿಂದಲೇ "ಎತ್ಕೊಳ್ರೇ, ಎತ್ಕೊಳ್ರೇ" ಎಂದು ಕೂಗುತ್ತಿದ್ದರು. ಟ್ರೇನಿಂಗ್ ಆಗಿದ್ದು ಮನೆಯ ಹೆಂಗಸರಿಗೆ. ಅಂದಾಜು ತಪ್ಪಿದರೆ ಕೆಂಪು ಗಾರೆ ನೆಲದ ಮೇಲೆ ಒಂದು ಚೊಂಬು ನೀರು, ಒಂದು ಹಳೇ ಪಂಚೆ. ದಿನಕ್ಕೆ ಹದಿನೈದು ಲಂಗೋಟಿ ಒಗೆದು ತಂತಿಗೆ ಹಾಕುತ್ತಿದ್ದೆವು. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಹರವಿ, ಹೊಗೆ ವಾಸನೆಯ ಸಮೇತ ಕಟ್ಟುತ್ತಿದ್ದೆವು.

ಆ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಪೂರ್ವ ಆಫ್ರಿಕಾದ ಡಿಗೊ ಜನರ ಬಗ್ಗೆ 1977ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿನ ತಾಯಂದಿರು ಹುಟ್ಟಿದ ಎರಡು-ಮೂರು ವಾರಕ್ಕೇ ಶುರು ಮಾಡಿ, ಐದಾರು ತಿಂಗಳಿಗೆಲ್ಲ ಮಗು ಬಟ್ಟೆ ಒದ್ದೆ ಮಾಡದಂತೆ ನೋಡಿಕೊಳ್ಳುತ್ತಿದ್ದರು. ಅಲ್ಲೂ ಗುಟ್ಟು ಒಂದೇ: ಮಗು ಸದಾ ಯಾರದಾದರೂ ಮೈಗೆ ಅಂಟಿಕೊಂಡೇ ಇರುತ್ತಿತ್ತು. ನಮ್ಮ ಹಿತ್ತಿಲ ಮನೆಯಲ್ಲಿ ಐವರು ಹೆಂಗಸರಿದ್ದೆವು. ಮಗಳ ಮನೆ ಬೆಂಗಳೂರಿನಲ್ಲಿ ಮೂರನೇ ಮಹಡಿ. ಗಂಡ ಹೆಂಡತಿ ಇಬ್ಬರೂ ಆಫೀಸಿನವರು, ನಾನು ತಿಂಗಳಲ್ಲಿ ಹತ್ತು ದಿನದ ಅತಿಥಿ. ಉಳಿದ ಇಪ್ಪತ್ತು ದಿನಕ್ಕೆ ಆ ಐವರನ್ನು ಎಲ್ಲಿಂದ ತರೋಣ?

ಎರಡನೆಯ ಆಕ್ಷೇಪಕ್ಕೆ ತೂಕವಿದೆ. "ಶುರು ಮಾಡಿದ್ದನ್ನ ಮಧ್ಯ ಬಿಟ್ಟರೆ ಮಗುಗೆ ಗಲಿಬಿಲಿ ಆಗುತ್ತೆ. ಹಟಕ್ಕೆ ಸೋತ ಹಾಗಾಗುತ್ತೆ."

ಇದರ ಅರ್ಧ ಭಾಗ ಒಪ್ಪುತ್ತೇನೆ. ಇವತ್ತು ಚಡ್ಡಿ, ನಾಳೆ ಡೈಪರ್, ನೆಂಟರು ಬಂದರೆ ಡೈಪರ್, ಅವರು ಹೋದಮೇಲೆ ಚಡ್ಡಿ ಎಂದರೆ ದೊಡ್ಡವರಿಗೇ ತಲೆ ಕೆಡುತ್ತದೆ. ದಿನಕ್ಕೆ ಎರಡು ಸಲ ಸೋಫಾ ಒದ್ದೆಯಾಯಿತು ಎಂದು ನಿಲ್ಲಿಸುವವರ ಪರ ನಾನು ಮಾತಾಡುವುದಿಲ್ಲ. ಮಗು ನಗುನಗುತ್ತ ಕೂರುತ್ತಿದೆ, ನಡುನಡುವೆ ತಪ್ಪುತ್ತಿದೆ ಎಂದಾದರೆ ಅದು ಕಲಿಯುತ್ತಿದೆ. ಮುಂದುವರಿಸಿ, ನೆಲ ಒರೆಸಿ.

ನಮ್ಮ ಮನೆಯಲ್ಲಿ ಆದದ್ದು ಬೇರೆ. ಹಳದಿ ಬಾತುಕೋಳಿ ಆಕಾರದ ಪಾಟಿ ತಂದಿದ್ದರು, ಕೂತರೆ ಹಾಡುತ್ತಿತ್ತು. ಮೊದಲ ವಾರ ಪುಟ್ಟಿಗೆ ಅದೇ ಆಟ. ಸುಸ್ಸು ಸರಾಗವಾಯಿತು, ಕಕ್ಕ ಆಗಲಿಲ್ಲ. ಒಂದು ದಿನ ಗಟ್ಟಿಯಾಗಿ ಹೋಗಿ ನೋವಾಯಿತು, ಅತ್ತಳು. ಆಮೇಲೆ ಬಾತುಕೋಳಿ ಕಂಡರೆ ಓಟ. ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೋಗಿ ನಿಲ್ಲುವಳು. ತುದಿಗಾಲು, ಕಾಲಿಗೆ ಕಾಲು ಹೆಣೆದು, ಬೀರುವಿನ ಹಿಡಿಕೆ ಗಟ್ಟಿಯಾಗಿ ಹಿಡಿದು, ಮುಖ ಕೆಂಪಗೆ. "ಪಾಪ, ಮುಕ್ಕುತ್ತಿದೆ" ಎಂದುಕೊಂಡೆವು. ಮಕ್ಕಳ ಡಾಕ್ಟರು ನಕ್ಕರು: "ಅವಳು ಮುಕ್ಕುತ್ತಿಲ್ಲ ಅಮ್ಮಾ, ಬರುವುದನ್ನು ತಡೆದು ಹಿಡಿಯುತ್ತಿದ್ದಾಳೆ." ಹೊಟ್ಟೆ ಮುಟ್ಟಿ ನೋಡಿದರು. ನಾಲ್ಕು ದಿನದ್ದು ಹಾಗೇ ಕೂತಿತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಿಗೆ ಇದು ಹೊಳೆಯಬೇಕಿತ್ತು. ಮಲ ಒಳಗೆ ಉಳಿದಷ್ಟೂ ಕರುಳು ಅದರ ನೀರು ಹೀರುತ್ತದೆ. ಗಟ್ಟಿಯಾದದ್ದು ಹೊರಬರುವಾಗ ನೋವು, ನೋವಿಗೆ ಹೆದರಿ ಇನ್ನೂ ಬಿಗಿಹಿಡಿಯುವುದು. ಹೀಗೇ ತಿಂಗಳುಗಟ್ಟಲೆ ಮುಂದುವರಿದರೆ ಗುದನಾಳ ಹಿಗ್ಗಿ, "ಹೋಗಬೇಕು" ಎಂಬ ಸೂಚನೆಯೇ ಮಂಕಾಗುತ್ತದೆ. ಕೊನೆಗೆ ಗಟ್ಟಿ ಗಡ್ಡೆಯ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ, ಮನೆಯವರು ಭೇದಿಯೆಂದು ತಿಳಿದು ಅದಕ್ಕೆ ಔಷಧಿ ಕೊಡುತ್ತಾರೆ. ಇಂಥ ಮಗುವನ್ನು ಬಾತುಕೋಳಿಯ ಮೇಲೆ ಅದುಮಿ ಕೂರಿಸಿ ಯಾರು ಗೆದ್ದ ಹಾಗಾಯಿತು? ಡಾಕ್ಟರು ಮಲ ಮೆತ್ತಗಾಗಲು ಸಿರಪ್ ಬರೆದು, ಪಾಟಿಯನ್ನು ಕಣ್ಣಿಂದ ಮರೆ ಮಾಡಿ ಎಂದರು. ಪಾಟಿ ಸಜ್ಜದ ಮೇಲೆ ಹೋಯಿತು. ಕೆನಡಾದ ಮಕ್ಕಳ ವೈದ್ಯರ ಸಂಘವೂ ಮಗು ಹೀಗೆ ಒಲ್ಲೆ ಎಂದಾಗ ಒಂದರಿಂದ ಮೂರು ತಿಂಗಳು ಬಿಡುವು ಕೊಡಲು ಹೇಳುತ್ತದೆ.

ಮೂರನೆಯವರು ಮಗಳ ಅಪಾರ್ಟ್‌ಮೆಂಟಿನ ಗೆಳತಿ. ಅವರದು "ಮೂರೇ ದಿನ" ಪಂಥ. ರಜೆ ಹಾಕಿ, ಡೈಪರ್ ಬಿಸಾಡಿ, ಮಗುವಿನ ಹಿಂದೆಯೇ ಸುತ್ತಿದರೆ ಮುಗಿಯಿತಂತೆ. ಅವರ ಮಗನಿಗೆ ಮುಗಿದಿದೆ, ಸಂತೋಷ. ಇದು ಹೊಸದೂ ಅಲ್ಲ. 1974ರಲ್ಲೇ ಅಜ್ರಿನ್ ಮತ್ತು ಫಾಕ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದೇ ದಿನದೊಳಗೆ ಕಲಿಸುವ ಪುಸ್ತಕ ಬರೆದರು. ಆದರೆ ಅವರೂ ಮೊದಲು ಮಗು ಸಿದ್ಧವಾಗಿದೆಯೇ ಎಂದು ಪರೀಕ್ಷಿಸಿ ನೋಡಿ ಎಂದೇ ಬರೆದಿದ್ದಾರೆ. ಪಂಥದವರು ದಿನದ ಲೆಕ್ಕ ಇಟ್ಟುಕೊಂಡು ಆ ಪರೀಕ್ಷೆಯನ್ನು ಕೈಬಿಟ್ಟರು. ಫಿಲಡೆಲ್ಫಿಯಾದ ಹೊರವಲಯದ ನಾನೂರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, 27 ತಿಂಗಳಿಗೆ ಮುಂಚೆ ಪಟ್ಟುಹಿಡಿದು ಶುರು ಮಾಡಿದರೆ ಬಹುಪಾಲು ಮಕ್ಕಳಲ್ಲಿ ಬೇಗ ಮುಗಿಯುವುದಿಲ್ಲ, ಕಲಿಕೆ ಉದ್ದವಾಗುತ್ತದೆ ಅಷ್ಟೇ ಎಂದಿತು. ಬೇಗ ಶುರು ಮಾಡಿದ್ದರಿಂದ ಮಲಬದ್ಧತೆ ಬರುತ್ತದೆಂದು ಮಾತ್ರ ಅದು ಹೇಳಿಲ್ಲ. ನನಗೆ ಅನುಕೂಲವಾಗುತ್ತಿತ್ತು, ಆದರೆ ಹೇಳಿಲ್ಲ.

"ಎಲ್ಲಾ ಡೈಪರ್ ಕಂಪನಿಯವರ ಆಟ" ಎನ್ನುವುದು ನನ್ನ ತಮ್ಮನ ವಾದ. ಈ ಅನುಮಾನ ಪೂರ್ತಿ ಪೊಳ್ಳಲ್ಲ. ಮಗು ಸಿದ್ಧವಾಗುವ ತನಕ ಕಾಯಿರಿ ಎಂಬ ಮಾತಿಗೆ ಹೆಸರು ತಂದವರು ಬೋಸ್ಟನ್ ಕಡೆಯ ಮಕ್ಕಳ ವೈದ್ಯ ಬ್ರೇಜಲ್ಟನ್. ಅವರು 1990ರ ದಶಕದ ಕೊನೆಗೆ ಪ್ಯಾಂಪರ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ನಿಜ, ಅದಕ್ಕೆ ಟೀಕೆ ಬಂದದ್ದೂ ನಿಜ. ಹಾಗೆ ಮಾಡಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ 1,170 ಮಕ್ಕಳ ಅನುಭವ ಸೇರಿಸಿ ಅವರು ಲೇಖನ ಬರೆದದ್ದು 1962ರಲ್ಲಿ. ಆ ಮಕ್ಕಳು ಹಗಲು ಹೊತ್ತು ಕಲಿತು ಮುಗಿಸಿದ್ದು ಸರಾಸರಿ 28.5 ತಿಂಗಳಿಗೆ. ಪುಟ್ಟಿಗೆ ಆಗ 27. ಇನ್ನೊಂದು ವಿಷಯ: ಪಾಟಿಗೆ ಬಿಡುವು ಎಂದರೆ ಇಪ್ಪತ್ನಾಲ್ಕು ಗಂಟೆ ಡೈಪರ್ ಎಂದಲ್ಲ. ನಾನಿದ್ದ ಹತ್ತು ದಿನವೂ ಮನೆಯೊಳಗೆ ಲಂಗೋಟಿಯೇ. ಒಗೆದವಳು ನಾನು, ತಮ್ಮನಲ್ಲ.

ಪ್ಲೇಹೋಮಿನವರು ಪಾಟಿ ಕಲಿಯದೆ ಸೇರಿಸಿಕೊಳ್ಳುವುದಿಲ್ಲ ಎಂದರು. ಅವರ ಕಷ್ಟ ಗೊತ್ತು, ಒಬ್ಬ ಆಯಾ ಎಷ್ಟು ಮಕ್ಕಳನ್ನು ತೊಳೆದಾಳು? ಅದು ಅವರ ಅನುಕೂಲದ ನಿಯಮ, ಜೂನ್ ಒಂದಕ್ಕೆ ಕರುಳು ಹದಕ್ಕೆ ಬರುವುದಿಲ್ಲ. ಮಗಳು ಬೇರೆ ಕಡೆ ವಿಚಾರಿಸಿದಳು, ಸಿಕ್ಕಿತು.

"ಎರಡೇಟು ಬಿದ್ದರೆ ತಾನೇ ಕೂರುತ್ತೆ" ಎಂದ ಹಿರಿಯರೊಬ್ಬರಿಗೆ ನನ್ನ ಹತ್ತಿರ ಉತ್ತರವಿಲ್ಲ. ಅವರಿಗೆ ಮಗುವನ್ನೂ ಕೊಡುವುದಿಲ್ಲ.

ಮತ್ತೆ ಯಾವಾಗ ಶುರು ಎಂದು ಕೇಳುವವರಿಗೆ: ಮಲ ಕೆಲವು ವಾರ ಮೆತ್ತಗೆ, ನೋವಿಲ್ಲದೆ ಹೋಗುತ್ತಿರಬೇಕು. ಎರಡು ಗಂಟೆಯಾದರೂ ಚಡ್ಡಿ ಒಣಗಿರಬೇಕು. ಚಡ್ಡಿಯನ್ನು ತಾನೇ ಕೆಳಗೆ ಜಾರಿಸಲು ಬರಬೇಕು. ಮಾಡಿದ ಮೇಲಲ್ಲ, ಮಾಡುವ ಮುಂಚೆ ಹೇಳಬೇಕು. ಕೂರಿಸಿದಾಗ ಪಾದ ಗಾಳಿಯಲ್ಲಿ ತೂಗಾಡದ ಹಾಗೆ ಕೆಳಗೊಂದು ಮಣೆ ಇಡಿ. ಪಾದಕ್ಕೆ ಆಸರೆ ಸಿಗದಿದ್ದರೆ ದೊಡ್ಡವರಿಗೂ ಆಗುವುದಿಲ್ಲ.

ಹೋದ ಭಾನುವಾರ ಪುಟ್ಟಿ ತಾನಾಗಿ "ಅಜ್ಜಿ, ಬಾತು ಎಲ್ಲಿ?" ಎಂದಳು. ಅಳಿಯ ಸ್ಟೂಲು ಹಾಕಿ ಇಳಿಸಿಕೊಟ್ಟರು. ತನ್ನ ಬಟ್ಟೆಗೊಂಬೆಯನ್ನು ಅದರ ಮೇಲೆ ಕೂರಿಸಿ "ಸ್ಸ್ಸ್" ಎಂದಳು. ತಾನು ಕೂರಲಿಲ್ಲ, ಕೂರು ಎಂದು ನಾವೂ ಹೇಳಲಿಲ್ಲ. ಪಾಟಿ ಈಗ ಬಚ್ಚಲ ಬಾಗಿಲ ಪಕ್ಕದಲ್ಲಿದೆ. ಮುಂದಿನ ಸಲ ಫೋನ್ ಮಾಡುವವರು ದಯವಿಟ್ಟು ಅವಳು ಯಾವ ಹಾಡು ಕಲಿತಳು ಎಂದು ಕೇಳಿ.