ನಿದ್ದೆ ಕದಿಯದ ಸಂಜೆಯ ಲೋಟ

ಸಂಜೆ ಐದೂವರೆ. ಮಕ್ಕಳು ಶಾಲೆಯಿಂದ ಬಂದು ಆಡಲು ಓಡಿರುತ್ತಾರೆ, ರಾತ್ರಿ ಅಡುಗೆಗೆ ಇನ್ನೂ ಹೊತ್ತಿರುತ್ತದೆ. ಮನೆಯಲ್ಲಿರುವ ಹೆಣ್ಣಿಗೆ ಇಡೀ ದಿನದಲ್ಲಿ ‘ನನ್ನದು’ ಅನ್ನಿಸುವ ಹತ್ತು ನಿಮಿಷ ಇದ್ದರೆ ಅದು ಇದೇ. ಆ ಹೊತ್ತಿಗೆ ಕೈಯಲ್ಲೊಂದು ಬಿಸಿ ಲೋಟ ಬೇಕು. ಡಾಕ್ಟರು ‘ಮಧ್ಯಾಹ್ನದ ಮೇಲೆ ಕಾಫಿ ಬೇಡಮ್ಮ’ ಅಂದಾಗ ಅಷ್ಟೊಂದು ಸಂಕಟವಾಗುವುದು ಅದಕ್ಕೇ. ಕಾಫಿ ಹೋದರೆ ಕೂರುವ ನೆಪವೂ ಹೋಯಿತಲ್ಲ!

ಡಾಕ್ಟರ ಮಾತು ಸುಳ್ಳೇನಲ್ಲ ಬಿಡಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಗಟ್ಟಿ ಕಾಫಿ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅದರ ಅರ್ಧಪಾಲು ಮೈಯಲ್ಲೇ ಇರುತ್ತದೆ. ಬಸುರಿಯರಲ್ಲಂತೂ ಅದು ಇನ್ನೂ ನಿಧಾನ. ದಿನಕ್ಕೆ 200 ಮಿಲಿಗ್ರಾಂ ದಾಟಬೇಡಿ ಅಂತ ಅವರಿಗೆ ವೈದ್ಯರು ಹೇಳುತ್ತಾರೆ. ‘ನಾನು ಗ್ರೀನ್ ಟೀಗೆ ಬದಲಾಯಿಸಿಕೊಂಡಿದ್ದೀನಿ’ ಅನ್ನುವವರು ಗಮನಿಸಿ, ಅದರಲ್ಲೂ ಕೆಫೀನ್ ಇದೆ. ಡಿಕಾಫ್ ಕಾಫಿಯಲ್ಲೂ ಚೂರು ಉಳಿದಿರುತ್ತದೆ. ಹುಟ್ಟಿನಿಂದಲೇ ಕೆಫೀನ್ ಇಲ್ಲದ, ಆದರೆ ನೋಡಲು ಟೀಯಂತೆಯೇ ಕೆಂಪಗೆ ಘಮಘಮಿಸುವ ಒಂದು ಪೇಯ ಇದೆ. ಅದೇ ರಾಯ್‌ಬಾಸ್. ಹಣ್ಣಿನ ಚೂರು ಬೆರೆಸಿದ ರಾಯ್‌ಬಾಸ್ ಪ್ಯಾಕೆಟ್‌ಗಳು ಈಗ ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲೂ ಸಿಗುತ್ತವೆ.

ಇದು ಚಹಾ ಗಿಡಕ್ಕೆ ನೆಂಟನೂ ಅಲ್ಲ. ನಮ್ಮ ಅವರೆ, ತೊಗರಿಯ ಕುಟುಂಬಕ್ಕೆ ಸೇರಿದ, ಸೂಜಿಯಂಥ ಎಲೆಯ ಪೊದೆ. ದಕ್ಷಿಣ ಆಫ್ರಿಕಾದಲ್ಲಿ, ಕೇಪ್‌ಟೌನ್‌ನಿಂದ ಉತ್ತರಕ್ಕಿರುವ ಸೀಡರ್‌ಬರ್ಗ್ ಬೆಟ್ಟಸೀಮೆಯ ಬೆಳೆ. ಆಫ್ರಿಕಾನ್ಸ್ ಭಾಷೆಯಲ್ಲಿ ರಾಯ್‌ಬಾಸ್ ಅಂದ್ರೆ ‘ಕೆಂಪು ಪೊದೆ’. ಗಿಡದಲ್ಲಿರುವಾಗ ಎಲೆ ಹಸಿರೇ. ಕೊಯ್ದು, ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಹಾಕಿ ರಾಶಿ ಮಾಡಿದಾಗ ಗಾಳಿ ತಾಗಿ ಕೆಂಪಾಗುತ್ತದೆ, ಆಮೇಲೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಈ ಸೊಪ್ಪಿನ ಗುಣ ಕಂಡುಕೊಂಡವರು ಅಲ್ಲಿನ ಮೂಲನಿವಾಸಿಗಳಾದ ಖೊಯ್ ಮತ್ತು ಸಾನ್ ಜನ. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವಲಸೆಗಾರ ಇದನ್ನು ವ್ಯಾಪಾರಕ್ಕಿಳಿಸಿದ. ನೂರು ವರ್ಷ ಕಳೆದ ಮೇಲೆ, 2019ರಲ್ಲಿ, ಆ ಜನರ ತಿಳಿವಳಿಕೆಗೆ ಪ್ರತಿಯಾಗಿ ಬೆಳೆಯ ಬೆಲೆಯ ಶೇ 1.5ರಷ್ಟನ್ನು ಅವರಿಗೆ ಕೊಡುವ ಒಪ್ಪಂದವಾಯಿತು. ನಮ್ಮ ಅಜ್ಜಿಯರ ಕಷಾಯಕ್ಕೂ ಯಾರಾದರೂ ಹೀಗೆ ಲೆಕ್ಕ ಹಾಕಿದ್ದರೆ...!

ಕಷಾಯ ಅಂದೆನಲ್ಲ, ನನ್ನ ಪ್ರಕಾರ ರಾಯ್‌ಬಾಸನ್ನು ಹಾಗೆಯೇ ಕರೆಯಬೇಕು. ಚಹಾ ಗಿಡದಿಂದ ಬಾರದ ಯಾವುದನ್ನೂ ‘ಟೀ’ ಅಂತ ಮಾರುವಂತಿಲ್ಲ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ 2025ರ ಡಿಸೆಂಬರ್‌ನಲ್ಲಿ ಹೇಳಿದೆ. ಹೆಸರಿನ ಜಗಳ ಹಾಗಿರಲಿ, ಕಷಾಯ ಅಂದುಕೊಂಡರೆ ಮಾಡುವ ಕ್ರಮವೂ ಸರಿಯಾಗುತ್ತದೆ. ‘ಸಪ್ಪೆ, ಹುಲ್ಲಿನ ನೀರು’ ಅಂತ ಮೂಗು ಮುರಿಯುವವರನ್ನು ಕೇಳಿ ನೋಡಿ, ಗ್ರೀನ್ ಟೀ ತರಹ ಎರಡು ನಿಮಿಷ ಅದ್ದಿ ತೆಗೆದಿರುತ್ತಾರೆ. ಇದಕ್ಕೆ ಕುದಿಕುದಿಯುವ ನೀರೇ ಬೇಕು. ಒಂದು ದೊಡ್ಡ ಲೋಟಕ್ಕೆ ತುಂಬಿದ ಒಂದು ಟೀ ಚಮಚ ಎಲೆ ಹಾಕಿ, ಮುಚ್ಚಿ, ಏಳೆಂಟು ನಿಮಿಷ ಬಿಡಿ. ಮರೆತು ಹದಿನೈದು ನಿಮಿಷವಾದರೂ ಚಿಂತೆಯಿಲ್ಲ, ಟ್ಯಾನಿನ್ ಕಡಿಮೆಯಾದ್ದರಿಂದ ಟೀಯಂತೆ ಕಹಿ ಒಗರಾಗುವುದಿಲ್ಲ. ಕುಕ್ಕರ್ ಕೂಗು, ಕಾಲಿಂಗ್ ಬೆಲ್, ಫೋನು ಅಂತ ಓಡಾಡುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು! ಮುಚ್ಚಳ ಮಾತ್ರ ಬಿಡಬೇಡಿ, ಹಣ್ಣಿನ ಘಮವೆಲ್ಲ ಆವಿಯ ಜತೆ ಹೋಗಿಬಿಡುತ್ತದೆ. ಎಲೆ ಸೂಜಿಯಷ್ಟು ಸಣ್ಣ, ಮಾಮೂಲಿ ಜಾಲರಿಯಲ್ಲಿ ಜಾರಿ ಬರುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ.

ಹಾಲಿನ ವಿಷಯ ಕೇಳುತ್ತೀರಿ, ಗೊತ್ತು. ಬರೀ ರಾಯ್‌ಬಾಸ್‌ಗೆ ಹಾಲು ಚೆನ್ನಾಗಿಯೇ ಹೊಂದುತ್ತದೆ, ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ಹಾಲು ಸಕ್ಕರೆ ಹಾಕಿಯೇ ಕುಡಿಯುವವರು ಬಹಳ. ಹಣ್ಣಿನ ಮಿಶ್ರಣಕ್ಕೆ ಮಾತ್ರ ಹಾಲು ಬೇಡ. ಅದರಲ್ಲಿ ಸಾಮಾನ್ಯವಾಗಿ ಒಣ ಸೇಬು, ಕಿತ್ತಳೆ ಸಿಪ್ಪೆಯ ಜತೆ ‘ಹೈಬಿಸ್ಕಸ್’ ಇರುತ್ತದೆ. ಅದು ನಮ್ಮ ಅಂಗಳದ ದಾಸವಾಳವಲ್ಲ, ಪುಂಡಿಸೊಪ್ಪಿನ ಬಳಗದ ಹುಳಿ ಹೂವು. ಹಾಲು ಬಿದ್ದರೆ ಒಡೆಯುತ್ತದೆ. ಬಸುರಿಯರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಈ ಹೂವಿರುವ ಮಿಶ್ರಣವನ್ನು ಡಾಕ್ಟರನ್ನು ಕೇಳಿಯೇ ಕುಡಿಯುವುದು ವಾಸಿ. ಇನ್ನೊಂದು, ‘ಫ್ರೂಟ್’ ಅಂತ ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಕೆಫೀನ್ ಇಲ್ಲ ಅಂತ ಅರ್ಥವಲ್ಲ. ಕೆಲವದರಲ್ಲಿ ಬ್ಲ್ಯಾಕ್ ಟೀ ಬೆರೆತಿರುತ್ತದೆ. ಹಿಂಬದಿಯ ಸಣ್ಣಕ್ಷರ ಓದಿ.

ರೇಟು ಕೇಳಿದರೆ ಬೆಚ್ಚಿಬೀಳುತ್ತೀರಿ, ನಮ್ಮ ಟೀ ಪುಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಣ್ಣಿನ ಮಿಶ್ರಣದಲ್ಲಿ ದುಡ್ಡು ಹೋಗುವುದು ಒಣ ಸಿಪ್ಪೆಗೆ ಮತ್ತು ಎಸೆನ್ಸಿಗೆ. ಬರೀ ರಾಯ್‌ಬಾಸ್ ತಂದು ಮಿಶ್ರಣ ಮನೆಯಲ್ಲೇ ಮಾಡಿಕೊಳ್ಳಿ ಅನ್ನುತ್ತೇನೆ ನಾನು. ಚೆನ್ನಾಗಿ ತೊಳೆದ ಕಿತ್ತಳೆಯ ಸಿಪ್ಪೆಯನ್ನು ಒಳಗಿನ ಬಿಳಿ ಭಾಗ ತೆಗೆದು ಒಣಗಿಸಿ. ಸೇಬನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ಗರಿಗರಿ ಬಿಸಿಲಿಗಿಡಿ. ನಾಲ್ಕು ಚಮಚ ಎಲೆಗೆ ಎರಡು ಚಮಚ ಸೇಬಿನ ಚೂರು, ಒಂದು ಚಮಚ ಸಿಪ್ಪೆ, ಒಂದು ಸಣ್ಣ ತುಂಡು ಚಕ್ಕೆ. ತೇವ ತಾಗದ ಡಬ್ಬಿಯಲ್ಲಿ ತುಂಬಿಡಿ. ಎಲೆಗೆ ತನ್ನದೇ ಸಣ್ಣ ಸಿಹಿ ಇದೆ, ಸಕ್ಕರೆ ಹಾಕುವ ಮುಂಚೆ ಒಂದು ಗುಟುಕು ರುಚಿ ನೋಡಿ.

ತೂಕ ಇಳಿಯುತ್ತದೆ, ಮುಖ ಹೊಳೆಯುತ್ತದೆ ಅನ್ನುವ ಜಾಹೀರಾತುಗಳನ್ನು ನಂಬಿ ಮಾತ್ರ ದುಡ್ಡು ಸುರಿಯಬೇಡಿ. ಇದು ಔಷಧಿಯಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಬೇರೆಯೇ. ತಿಂಡಿ ತಿಂದ ತಕ್ಷಣ ಕಾಫಿ, ಟೀ ಕುಡಿಯುವುದು ನಮ್ಮ ಹಳೇ ಚಾಳಿ. ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಅವು ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಸೊಪ್ಪು, ಕಾಳು ಬೇಯಿಸಿ ಹಾಕುವವರೂ ನಾವೇ, ರಕ್ತ ಇಲ್ಲದವರೂ ನಾವೇ! ಟಿಫನ್ ಜತೆ ಬಿಸಿಯಾಗಿ ಏನಾದರೂ ಬೇಕೇ ಬೇಕು ಅನ್ನುವವರಿಗೆ ಟ್ಯಾನಿನ್ ಕಡಿಮೆಯಿರುವ ಇದು ಪರವಾಗಿಲ್ಲ. ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದರಾಯಿತು. ಪೂರ್ತಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲಪ್ಪ, ನಮ್ಮ ಅತ್ತೆಯವರೂ ಈ ಪುರವಣಿ ಓದುತ್ತಾರೆ.

ಬೇಸಿಗೆಯಲ್ಲಾದರೆ ಎಲೆಯನ್ನು ದುಪ್ಪಟ್ಟು ಹಾಕಿ ಗಟ್ಟಿಯಾಗಿ ಇಳಿಸಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಕುಡಿಯುವಾಗ ಅರ್ಧ ಲೋಟ ತಣ್ಣೀರು, ನಾಲ್ಕು ಹನಿ ನಿಂಬೆರಸ. ಆಡಿ ಬಂದ ಮಕ್ಕಳು ಬಾಟಲಿ ಜ್ಯೂಸ್ ಕೇಳುವ ಮುಂಚೆ ಒಂದೊಂದು ಲೋಟ ಕೊಟ್ಟು ನೋಡಿ.