ಸೊನ್ನೆ ಕ್ರೆಡಿಟ್‌ನ ಆಟ

ವಿಟಿಯು 2022ರ ಸ್ಕೀಮ್ ತೆಗೆದು ನೋಡಿ. ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ತಗೊಳ್ಳಲೇಬೇಕು. ಕ್ರೆಡಿಟ್ ಮಾತ್ರ ಸೊನ್ನೆ. ಸೊನ್ನೆ ಅಂದ ಕೂಡಲೇ ನಮ್ಮಲ್ಲಿ ಅರ್ಧ ಜನ ಅಟೆಂಡೆನ್ಸ್ ಹಾಕಿಸಿ ಕ್ಯಾಂಟೀನ್ ದಾರಿ ಹಿಡೀತಾರೆ. "ಆಡಿದ್ರೆ ಏನ್ ಸಿಗತ್ತೆ?" ಅಂತ ಕೇಳ್ತಾರೆ. ಈ ಪ್ರಶ್ನೆ ಬಗ್ಗೆಯೇ ನಮ್ಮ ತಕರಾರು. ಬರೀತಿರೋ ನಾವಿಬ್ಬರು ಅಕ್ಕ-ತಮ್ಮ, ಊರು ಭಟ್ಕಳದ ಜಾಲಿ. ತಕರಾರು ಅಪ್ಪನಿಂದ ಬಂದದ್ದು. ಅಪ್ಪ ಹೋಗಿ ಈ ಮಳೆಗಾಲಕ್ಕೆ ಎರಡು ವರ್ಷ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಸಂಜೆ ಐದಾಯ್ತು ಅಂದ್ರೆ ಲುಂಗಿ ಎತ್ತಿ ಕಟ್ಟಿ ಕಡಲ ತೀರದಲ್ಲಿ ವಾಲಿಬಾಲ್. ಅಡಿಕೆ ಮರದ ಎರಡು ಕಂಬ, ನಡುವೆ ಹಳೇ ಮೀನುಬಲೆ. ಒಂದು ಕಡೆ ಕನ್ನಡದಲ್ಲಿ ಸ್ಕೋರ್ ಕೂಗಿದ್ರೆ ಇನ್ನೊಂದು ಕಡೆ ನವಾಯತಿಯಲ್ಲಿ. ಜಗಳ ಎರಡೂ ಭಾಷೆಯಲ್ಲಿ. ಭಾನುವಾರ ಅಮ್ಮನ ಕೈಗೆ ಶಿಳ್ಳೆ ಕೊಟ್ಟು ರೆಫ್ರಿ ಮಾಡ್ತಿದ್ದ. ಅಮ್ಮ ಒಂದು ಸಲವೂ ಅಪ್ಪನ ಪರ ಶಿಳ್ಳೆ ಊದಿದ್ದು ನಮಗೆ ನೆನಪಿಲ್ಲ.

ಅಪ್ಪ ಗಿಡ್ಡ. ಸ್ಮ್ಯಾಶ್ ಹೊಡೆಯೋ ಆಳಲ್ಲ, ಲಿಫ್ಟ್ ಮಾಡಿ ಕೊಡೋನು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೂ ಅದನ್ನೇ ಮಾಡ್ತಿದ್ದನಂತೆ: ಉತ್ತರ ಹೇಳದೆ, ಅವರ ಕೈಗೆ ಎಟುಕೋ ಎತ್ತರಕ್ಕೆ ಪ್ರಶ್ನೆಯನ್ನ ತಂದು ನಿಲ್ಲಿಸೋದು. ಈ ವಾಲಿಬಾಲ್ ಹುಟ್ಟಿದ್ದೂ ಒಬ್ಬ ದೈಹಿಕ ಶಿಕ್ಷಕನಿಂದಲೇ. 1895ರಲ್ಲಿ ಅಮೆರಿಕದ ಹೋಲ್ಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್, ಬ್ಯಾಸ್ಕೆಟ್‌ಬಾಲ್ ಆಡಿದ್ರೆ ಸುಸ್ತಾಗೋ ನಡುವಯಸ್ಸಿನವರಿಗಾಗಿ ಮಾಡಿದ ಆಟ ಇದು. "ಅಂದ್ರೆ ನಮ್ಮಂಥ ಹೊಟ್ಟೆ ಬಂದೋರಿಗೇ ಮಾರಾಯ" ಅಂತ ಅಪ್ಪ ನಗ್ತಿದ್ದ. 'ಅಮೆಚೂರ್' ಪದದ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ಪ್ರೀತಿಸು ಅಂತ. ನಾವು ಮಾತ್ರ ಅದನ್ನ 'ಸರಿಯಾಗಿ ಬಾರದವ' ಅನ್ನೋಕೆ ಬಳಸ್ತೀವಿ.

ಹಾಗಂತ ಓದು ಬಿಟ್ಟು ಆಡಿ ಅಂತಲ್ಲ. ಅಪ್ಪ ಪದೇಪದೇ ಹೇಳ್ತಿದ್ದ ಕಥೆ ಎರಪಳ್ಳಿ ಪ್ರಸನ್ನ ಅವರದು. 1962ರಲ್ಲಿ ಟೆಸ್ಟ್‌ಗೆ ಬಂದು ವೆಸ್ಟ್ ಇಂಡೀಸ್‌ಗೂ ಹೋದರು. ಆ ಹೊತ್ತಿಗೆ ತಂದೆ ತೀರಿಕೊಂಡರು. ಪ್ರಸನ್ನ ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದರು, ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಕೊನೆಗೆ 49 ಟೆಸ್ಟ್, 189 ವಿಕೆಟ್. ನಮಗೆ ಬ್ಯಾಕ್‌ಲಾಗ್ ಆದಾಗಲೆಲ್ಲ ಈ ಕಥೆ ಫೋನಿನಲ್ಲಿ ಬರ್ತಿತ್ತು. ಈಗ ಬರಲ್ಲ.

ಇನ್ನು 'ಆಟ ಟೀಮ್‌ವರ್ಕ್ ಕಲಿಸುತ್ತೆ, ರೆಸ್ಯೂಮ್‌ಗೆ ಒಳ್ಳೇದು' ಅನ್ನೋ ವಾದ. ಅದೂ ನಮಗೆ ಹಿಡಿಸಲ್ಲ. ಸೊನ್ನೆಗೆ ಹಿಂಬಾಗಿಲಿಂದ ಕ್ರೆಡಿಟ್ ಕೊಡಿಸೋ ಕೆಲಸ ಅದು. ಅಪ್ಪನ ಆಟಕ್ಕೆ ಸರ್ಟಿಫಿಕೇಟ್ ಇರಲಿಲ್ಲ, ಒಂದು ಕಪ್ ಕೂಡ ಮನೆಗೆ ಬರಲಿಲ್ಲ. ಕಾರ್ಯ ಎಲ್ಲ ಮುಗಿದ ಮೇಲೆ ಒಂದು ಸಂಜೆ ತೀರದ ಹುಡುಗರು ಮನೆ ಬಾಗಿಲಿಗೆ ಬಂದ್ರು. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಮಾಸ್ತರ ಜಾಗ ಖಾಲಿ ಇದೆ, ಬನ್ನಿ" ಅಂದ್ರು. ನಮ್ಮಲ್ಲಿ ದೊಡ್ಡವಳು ಹೋಗಿ ಅಲ್ಲಿ ನಿಂತಳು. ಅಲ್ಲಿವರೆಗೆ ಆ ಬಲೆ ಹತ್ತಿರ ಹುಡುಗಿಯರು ಆಡಿದ್ದೇ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಸರ್ವಿಸ್ ಬಂತು.

ನಮ್ಮ ಹಾಸ್ಟೆಲ್ ಹಿಂದಿನ ಕೋರ್ಟ್‌ನಲ್ಲಿ ಹುಲ್ಲು ಬೆಳೆದಿದೆ, ನೆಟ್ ಹರಿದಿದೆ. ಬುಧವಾರ ಐದೂವರೆಗೆ ಹುಲ್ಲು ಕೀಳೋಕೆ ಬರ್ತೀರಾ? ನೆಟ್ ನಾವು ತರ್ತೇವೆ. ಬಾಲ್ ಅಪ್ಪನದ್ದು, ಗಾಳಿ ಸ್ವಲ್ಪ ಕಮ್ಮಿ ಇದೆ. ಯಾರಾದ್ರೂ ಪಂಪ್ ತನ್ನಿ.